ಹಡಗಿನ ಹೆಸರೂ ಜನರ ನಗೆಯೂ

ಮಗುವಿಗೆ ಹೆಸರಿಡುವುದು ತಂದೆತಾಯಿಗಳ ಹಕ್ಕು; ಪುಸ್ತಕಕ್ಕೆ ಹೆಸರಿಡುವುದು ಬರೆದವನ ಹಕ್ಕು. ಆದರೆ ಸಾರ್ವಜನಿಕರ ಹಣದಿಂದ, ಸಾರ್ವಜನಿಕರ ಜ್ಞಾನವೃದ್ಧಿಗಾಗಿಯೇ ಕಟ್ಟಿದ ಹಡಗಿಗೆ ಹೆಸರಿಡುವ ಹಕ್ಕು ಯಾರದು? ಕಟ್ಟಿಸಿದ ಸರ್ಕಾರದ್ದೋ, ಅದರಲ್ಲಿ ಪಯಣ ಮಾಡುವ ವಿಜ್ಞಾನಿಗಳದೋ, ಹಣ ತೆತ್ತ ಜನರದೋ? ಜನರದೆಂದೇ ಒಪ್ಪಿಕೊಂಡರೂ, ಆ ಜನರು ನಗೆಯ ಹೆಸರೊಂದನ್ನು ಆರಿಸಿ ಕೊಟ್ಟಾಗ ಏನು ಮಾಡತಕ್ಕದ್ದು? ಈ ಪ್ರಶ್ನೆ ಬರಿಯ ವಿನೋದದ್ದೆಂದು ಮೇಲುನೋಟಕ್ಕೆ ತೋರಬಹುದು. ವಿಚಾರಿಸುತ್ತ ಹೋದರೆ, ಜನರ ಮಾತಿಗೆ ದೊಡ್ಡವರು ಎಷ್ಟು ಬೆಲೆ ಕೊಡಬೇಕು ಎಂಬ ಪ್ರಶ್ನೆಯೇ ಇದರೊಳಗೆ ಅಡಗಿರುವುದು ಕಾಣುತ್ತದೆ. ಮುಂದೆ ಮತ ಕೊಡುವವರೂ, ಮತ ಕೇಳುವವರೂ ಆಗತಕ್ಕ ವಿದ್ಯಾರ್ಥಿಗಳು ಇದನ್ನು ಆಲೋಚಿಸಿ ನೋಡುವುದು ಒಳ್ಳೆಯದು.

ನಡೆದ ಸಂಗತಿಯನ್ನು ಮೊದಲು ಹೇಳುತ್ತೇನೆ. 2016ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಬ್ರಿಟನ್ ದೇಶದ ನೈಸರ್ಗಿಕ ಪರಿಸರ ಸಂಶೋಧನ ಮಂಡಳಿಯು ಒಂದು ಪ್ರಕಟಣೆಯನ್ನು ಹೊರಡಿಸಿತು. ಧ್ರುವಪ್ರದೇಶಗಳ ಹಿಮಸಮುದ್ರದಲ್ಲಿ ಸಂಚರಿಸಬಲ್ಲ ದೊಡ್ಡದೊಂದು ಸಂಶೋಧನೆಯ ಹಡಗನ್ನು 20 ಕೋಟಿ ಪೌಂಡುಗಳ ವೆಚ್ಚದಲ್ಲಿ ಕಟ್ಟಿಸುವುದೆಂದು ನಿಶ್ಚಯವಾಗಿತ್ತು. ಅದಕ್ಕೆ ಹೆಸರನ್ನು ನೀವೇ ಸೂಚಿಸಿರಿ, ಸೂಚಿಸಿದ ಹೆಸರುಗಳಿಗೆ ನೀವೇ ಮತ ಹಾಕಿರಿ ಎಂದು ಮಂಡಳಿಯು ಅಂತರಜಾಲದ ಮೂಲಕ ಜನರನ್ನು ಕೇಳಿಕೊಂಡಿತು. ಹಿಂದಿನ ಶೂರ ನಾವಿಕರ, ಅನ್ವೇಷಕರ ಹೆಸರುಗಳು ಬಂದಾವೆಂದು ಅಧಿಕಾರಿಗಳು ನಿರೀಕ್ಷಿಸಿದ್ದಿರಬೇಕು. ಸುಮಾರು 7 ಸಾವಿರ ಹೆಸರುಗಳು ಬಂದವು. ಹಿಂದೆ ರೇಡಿಯೋದಲ್ಲಿ ಕಾರ್ಯಕ್ರಮ ನಡೆಸುತ್ತಿದ್ದ ಒಬ್ಬಾತ ತಮಾಷೆಗೆಂದು ಕಳುಹಿಸಿದ ‘ಬೋಟಿ ಮ್ಯಾಕ್‌ಬೋಟ್‌ಫೇಸ್’ ಎಂಬುದೂ ಅವುಗಳಲ್ಲಿ ಒಂದು. ಕನ್ನಡದಲ್ಲಿ ಹೇಳುವುದಾದರೆ ‘ದೋಣಿಮೋರೆಯ ದೋಣಪ್ಪ’ ಎನ್ನಬಹುದು. ದೇಶಕ್ಕೆ ದೇಶವೇ ನಕ್ಕಿತು. ನಕ್ಕವರೆಲ್ಲ ಮತ ಹಾಕಿದರು. ಏಪ್ರಿಲ್ ತಿಂಗಳ ನಡುವೆ ಮತದಾನ ಮುಗಿದಾಗ ದೋಣಪ್ಪನಿಗೆ 1,24,109 ಮತಗಳು ಬಿದ್ದಿದ್ದುವು. ಉಳಿದ ಹೆಸರುಗಳೆಲ್ಲ ಬಹಳ ಹಿಂದೆ ಬಿದ್ದಿದ್ದುವು.

ಮೇ 6ರಂದು ವಿಜ್ಞಾನ ಖಾತೆಯ ಸಚಿವರು ಹಡಗಿನ ಹೆಸರನ್ನು ಸಾರಿದರು. ಅದು ‘ಸರ್ ಡೇವಿಡ್ ಅಟೆನ್‌ಬರೊ’ ಎಂದಾಗಿತ್ತು. ಪ್ರಾಣಿಪಕ್ಷಿಗಳ, ಕಾಡುಕಡಲುಗಳ ಬಾಳನ್ನು ದೂರದರ್ಶನದ ಮೂಲಕ ಮನೆಮನೆಗೆ ತಂದುಕೊಟ್ಟ ಮಹನೀಯರ ಹೆಸರು ಅದು. ಆ ಪ್ರಕಟಣೆಯಾದ ಎರಡು ದಿನಗಳಿಗೆ ಅವರಿಗೆ 90 ವರ್ಷ ತುಂಬಿತು. ಅವರ ಹೆಸರೂ ಜನರು ಸೂಚಿಸಿದ ಪಟ್ಟಿಯಲ್ಲಿ ಇದ್ದುದೇ. ಆದರೆ ಗೆದ್ದ ಹೆಸರು ಅದಾಗಿರಲಿಲ್ಲ. ಅಂತಿಮ ನಿರ್ಣಯ ತನ್ನದೆಂಬ ನಿಬಂಧನೆಯನ್ನು ಮಂಡಳಿಯು ಮೊದಲೇ ಹಾಕಿಕೊಂಡಿತ್ತು. ಆದರೂ ಹಲವರಿಗೆ ಸಿಟ್ಟು ಬಂದಿತು. ನಮ್ಮ ಮಾತು ನಡೆಯುವುದಿಲ್ಲವೆಂದಾದರೆ ನಮ್ಮನ್ನು ಕೇಳಿದುದೇಕೆ ಎಂದು ಅವರು ಆಕ್ಷೇಪಿಸಿದರು. ಪಾರ್ಲಿಮೆಂಟಿನ ವಿಜ್ಞಾನ ಸಮಿತಿಯವರು ಕೂಡ ಮಂಡಳಿಯ ಮುಖ್ಯಾಧಿಕಾರಿಯನ್ನು ಕರೆಸಿ ಈ ವಿಷಯವಾಗಿ ಪ್ರಶ್ನೆ ಮಾಡಿದರು. ಇಷ್ಟಾದರೂ ಗೆದ್ದ ಹೆಸರನ್ನು ಮಂಡಳಿಯು ಕಸದ ಬುಟ್ಟಿಗೆ ಹಾಕಲಿಲ್ಲ. ಹಡಗಿನಿಂದ ನೀರಿಗಿಳಿದು, ಮನುಷ್ಯರಿಲ್ಲದೆ ತಾನಾಗಿಯೇ ಕಡಲಿನ ಆಳದಲ್ಲಿ ಸಂಚರಿಸಿ ಅಳತೆಗಳನ್ನು ತರುವ ಒಂದು ಹಳದಿ ಬಣ್ಣದ ಯಂತ್ರಕ್ಕೆ ಆ ಹೆಸರನ್ನು ಕೊಟ್ಟಿತು.

ನಗೆಯ ಹೆಸರು ಹೊತ್ತ ಮಾತ್ರಕ್ಕೆ ಆ ಯಂತ್ರದ ಕೆಲಸ ನಗೆಪಾಟಲಾಗಲಿಲ್ಲ. 2017ರ ಏಪ್ರಿಲ್ ತಿಂಗಳಲ್ಲಿ ಅದು ದಕ್ಷಿಣ ಮಹಾಸಾಗರದ ಆಳದ ಕಣಿವೆಯೊಂದರಲ್ಲಿ, ಸುಮಾರು 4 ಸಾವಿರ ಮೀಟರುಗಳಷ್ಟು ಆಳದವರೆಗೆ ಇಳಿದು, 180 ಕಿಲೋಮೀಟರುಗಳಷ್ಟು ದೂರ ಸಂಚರಿಸಿತು. ಅದು ತಂದ ಅಳತೆಗಳಿಂದ ಒಂದು ಮುಖ್ಯ ಸಂಗತಿ ಹೊರಪಟ್ಟು 2019ರಲ್ಲಿ ಪ್ರಕಟವಾಯಿತು. ಆ ಸಾಗರದ ಮೇಲೆ ಬೀಸುವ ಗಾಳಿ ಬಲವಾದಷ್ಟೂ ಆಳದ ನೀರು ಹೆಚ್ಚು ಕದಡುತ್ತದೆ. ನಡುಮಟ್ಟದ ಬೆಚ್ಚನೆಯ ನೀರು ತಳದ ತಣ್ಣೀರಿನೊಡನೆ ಬೆರೆಯುತ್ತದೆ. ತಳದ ನೀರು ಬಿಸಿಯೇರಿ ಹಿಗ್ಗುವುದರಿಂದ ಸಮುದ್ರದ ಮಟ್ಟವೂ ಏರುತ್ತದೆ. ಸುಂದರವನದ ಘೋಡಾಮಾರಾ ದ್ವೀಪವನ್ನು ಕಡಲು ವರ್ಷದಿಂದ ವರ್ಷಕ್ಕೆ ಕೊರೆದು ನುಂಗುತ್ತಿರುವುದನ್ನು ಬಲ್ಲ ಈ ನಾಡಿನವರಿಗೆ ಇದು ದೂರದ ಮಾತಲ್ಲ. ಬೋಟಿ ಎಂಬ ಹೆಸರಿನ ಆಕರ್ಷಣೆಯಿಂದಲೇ ಎಷ್ಟೋ ಮಕ್ಕಳು ಆ ವರದಿಯನ್ನು ಓದಿರಬೇಕೆಂದು ನನ್ನ ಊಹೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಧಾತುವಿಗೆ ಎರಡು ಅರ್ಥಗಳುಂಟು. ಪ್ರಶ್ನಿಸುವುದು ಒಂದು, ಕಿವಿಗೊಡುವುದು ಇನ್ನೊಂದು. ನಮ್ಮ ಪೂರ್ವಿಕರು ಇವೆರಡಕ್ಕೂ ಒಂದೇ ಮಾತನ್ನು ಇಟ್ಟುಕೊಂಡುದು ಅರ್ಥವತ್ತಾಗಿದೆ. ಜನರನ್ನು ಕೇಳಿದವನು ಜನರ ಮಾತನ್ನೂ ಕೇಳಬೇಕು. ಕಿವಿಗೊಡುವ ಮನಸ್ಸಿಲ್ಲದವನು ಪ್ರಶ್ನೆಯನ್ನೇ ಹಾಕಬಾರದು. ‘ನೀವು ಹೇಳಿದಂತೆ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು, ‘ನಾವು ಬಯಸಿದಂತೆ’ ಎಂದು ಸಣ್ಣ ಅಕ್ಷರಗಳಲ್ಲಿ ಬರೆಯುವುದು ಕಾನೂನಿಗೆ ಸಮ್ಮತವಾಗಿರಬಹುದು. ಸರಳ ನಡತೆಗೆ ಸಮ್ಮತವಲ್ಲ. ಬ್ರಿಟನ್ನಿನ ಮಂಡಳಿಯು ಎಡವಿದುದು ಇಲ್ಲಿ ಎಂದು ನನ್ನ ಅಭಿಪ್ರಾಯ. ಹಡಗಿಗೆ ಗಂಭೀರವಾದ ಹೆಸರನ್ನು ಇಟ್ಟುದರಲ್ಲಿ ಅದರ ತಪ್ಪಿಲ್ಲ. ಮತ ಎಂದು ಕರೆದು, ಆ ಮತವನ್ನು ಸಲಹೆಯ ಮಟ್ಟಕ್ಕೆ ಇಳಿಸಿದುದು ತಪ್ಪು. ಸಲಹೆ ಬೇಕಾಗಿದ್ದರೆ ಸಲಹೆಯೆಂದೇ ಕೇಳಬಹುದಾಗಿತ್ತು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ‘ಗಂಭೀರವಾದ ಕಾರ್ಯಕ್ಕೆ ಕರೆದಾಗ ಹಾಸ್ಯಮಾಡುವ ಜನರನ್ನು ಕೇಳುವುದಾದರೂ ಏಕೆ? ತಿಳಿದವರು ನಾಲ್ವರು ಕುಳಿತು ಹೆಸರಿಟ್ಟರೆ ಸಾಲದೆ?’ ಎನ್ನುವವರುಂಟು. ಇವರು ಎರಡು ವಿಷಯಗಳನ್ನು ಮರೆತಿದ್ದಾರೆ. ಕೇಳಿದರೂ ಕೇಳದಿದ್ದರೂ ಜನರು ಹೆಸರಿಟ್ಟೇ ಇಡುತ್ತಾರೆ ಎಂಬುದು ಮೊದಲನೆಯದು. ಹೂಗ್ಲಿ ನದಿಯ ಮೇಲಿನ ಉಕ್ಕಿನ ಸೇತುವೆಗೆ 1965ರಲ್ಲಿ ‘ರವೀಂದ್ರ ಸೇತು’ ಎಂದು ನಾಮಕರಣವಾಯಿತು. ಕವಿಯ ಮೇಲೆ ಬಂಗಾಳಿಗಳಿಗಿರುವ ಭಕ್ತಿ ಎಷ್ಟೆಂಬುದು ಲೋಕಕ್ಕೆಲ್ಲ ಗೊತ್ತು. ಆದರೂ ಬಸ್ಸಿನ ಕಂಡಕ್ಟರು ಕೂಗುವುದು ಹೌರಾ ಎಂದೇ. ಬೆಂಗಳೂರಿನ ದೊಡ್ಡ ಬಸ್ ನಿಲ್ದಾಣಕ್ಕೆ ನಗರವನ್ನು ಕಟ್ಟಿದ ಕೆಂಪೇಗೌಡರ ಹೆಸರಿದೆ. ಜನರ ಬಾಯಲ್ಲಿ ಅದು ಹಳೆಯ ಚಿತ್ರಮಂದಿರವೊಂದರ ಹೆಸರಿನಿಂದ ‘ಮೆಜೆಸ್ಟಿಕ್’ ಆಗಿಯೇ ಉಳಿದಿದೆ. ಹಲಗೆಯ ಮೇಲೆ ಬರೆಯುವುದು ಅಧಿಕಾರಿಗಳ ಕೈಯಲ್ಲಿದೆ. ನಾಲಗೆಯ ಮೇಲೆ ಬರೆಯುವುದು ಅವರ ಕೈಯಲ್ಲಿಲ್ಲ. ಆದುದರಿಂದ ಜನರನ್ನು ಮೊದಲೇ ವಿಶ್ವಾಸಕ್ಕೆ ತೆಗೆದುಕೊಳ್ಳುವುದು ಜಾಣತನ.

ನಗೆಯ ಹೆಸರೆಲ್ಲವೂ ತಿರಸ್ಕಾರದ ಹೆಸರಲ್ಲ ಎಂಬುದು ಎರಡನೆಯದು. ನಮ್ಮ ಹಳ್ಳಿಗಳ ಹಿಂದಿನ ಪದ್ಧತಿಯನ್ನು ನಿಮ್ಮ ಅಜ್ಜಿಯರನ್ನು ಕೇಳಿರಿ. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡ ಮನೆಯಲ್ಲಿ ಮತ್ತೆ ಮಗು ಹುಟ್ಟಿದರೆ ಅದಕ್ಕೆ ಗುಂಡ, ತಿಪ್ಪ, ಕಾಡ ಎಂದು ಹೆಸರಿಡುತ್ತಿದ್ದರು. ತಿಪ್ಪೆಯ ಹೆಸರಿನ ಕೂಸಿನ ಮೇಲೆ ಮೃತ್ಯುವಿನ ಕಣ್ಣು ಬೀಳಲಾರದೆಂಬ ನಂಬಿಕೆ! ಬಂಗಾಳದಲ್ಲಿಯೂ ಇದೇ ಕಾರಣಕ್ಕಾಗಿ ಮಗುವನ್ನು ಮೂರು ಕವಡೆಗೆ ಮಾರಿದಂತೆ ನಟಿಸಿ ‘ತಿನ್‌ಕೊಡಿ’ ಎಂದೂ, ಐದು ಕವಡೆಗೆ ಮಾರಿದಂತೆ ನಟಿಸಿ ‘ಪಾಂಚ್‌ಕೊಡಿ’ ಎಂದೂ ಕರೆಯುತ್ತಿದ್ದರು. ಕೇಳಿದವರಿಗೆ ನಗು ಬರುವ ಈ ಹೆಸರುಗಳ ಹಿಂದೆ ಹೆತ್ತವಳ ಕಣ್ಣೀರೂ ಹಾರೈಕೆಯೂ ಇದ್ದವು. ಹೆಸರಿನ ದೊಡ್ಡಸ್ತಿಕೆಯನ್ನು ಕಂಡು ನಗುವ ಗುಣವೂ ನಮ್ಮವರಲ್ಲಿದೆ. ‘ಹೆಸರು ಕ್ಷೀರಸಾಗರಭಟ್ಟ, ಮನೆಯಲ್ಲಿ ಮಜ್ಜಿಗೆಗೆ ತತ್ವಾರ’ ಎಂಬ ಗಾದೆಯನ್ನು ಕಟ್ಟಿದವರು ಯಾವ ಪಂಡಿತರೂ ಅಲ್ಲ. ದೊಡ್ಡ ಹೆಸರಿಗಿಂತ ದೊಡ್ಡ ಕೆಲಸ ಮುಖ್ಯವೆಂದು ಜನರು ನಕ್ಕು ಹೇಳಿದ ಮಾತು ಅದು.

ಹಾಗಾದರೆ ಹಡಗಿನ ಮುಂಭಾಗದಲ್ಲಿ ‘ದೋಣಪ್ಪ’ ಎಂದೇ ಬರೆಯಿಸಬೇಕಾಗಿತ್ತೆ? ನನಗೆ ಹಾಗೆ ತೋರುವುದಿಲ್ಲ. ಹಡಗಿನ ಹೆಸರು ಅದರ ಗುರುತು. ಬಿರುಗಾಳಿಯಲ್ಲಿ ಸಿಕ್ಕಿಬಿದ್ದು ನೆರವಿಗೆ ಮೊರೆಯಿಡುವಾಗ ನಾವಿಕರು ಆ ಹೆಸರನ್ನೇ ಹೇಳಿ ಕೂಗಬೇಕು. ಪರದೇಶದ ಬಂದರುಗಳ ದಾಖಲೆಗಳಲ್ಲಿ ಆ ಹೆಸರೇ ಇರಬೇಕು. ಒಂದು ದಿನದ ನಗೆಯನ್ನು ಇಪ್ಪತ್ತು ಮೂವತ್ತು ವರ್ಷ ಹೊತ್ತು ತಿರುಗಬೇಕಾದವರು ಮತ ಹಾಕಿದ ಲಕ್ಷ ಜನರಲ್ಲ, ಹಡಗಿನಲ್ಲಿ ದುಡಿಯುವ ಕೆಲವೇ ಮಂದಿ. ಅವರ ಮಾತಿಗೂ ಬೆಲೆ ಇರಬೇಕಾದುದು ನ್ಯಾಯ.

ಈ ಎರಡು ನ್ಯಾಯಗಳನ್ನೂ ಉಳಿಸಿಕೊಳ್ಳುವ ಉಪಾಯಕ್ಕಾಗಿ ನಾವು ಬ್ರಿಟನ್ನಿನವರೆಗೆ ಹೋಗಬೇಕಾಗಿಲ್ಲ. ಅದು ಕಲ್ಕತ್ತೆಯ ಮನೆಮನೆಯಲ್ಲಿದೆ. ನಿಮ್ಮ ನೆರೆಯ ಬಂಗಾಳಿ ಗೆಳೆಯರೆಲ್ಲರಿಗೂ ಎರಡೆರಡು ಹೆಸರುಗಳಿರುವುದನ್ನು ನೀವು ಬಲ್ಲಿರಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆಯುವುದು ‘ಭಾಲೊ ನಾಮ್’, ಎಂದರೆ ಒಳ್ಳೆಯ ಹೆಸರು. ಮನೆಯಲ್ಲಿ ಕೂಗುವುದು ‘ಡಾಕ್ ನಾಮ್’, ಎಂದರೆ ಕರೆಯುವ ಹೆಸರು. ಒಳ್ಳೆಯ ಹೆಸರಿಗೆ ಅರ್ಥ ಇರಬೇಕು, ಗಾಂಭೀರ್ಯ ಇರಬೇಕು. ಕರೆಯುವ ಹೆಸರಿಗೆ ಅರ್ಥದ ಹಂಗಿಲ್ಲ. ಅದರಲ್ಲಿ ಸಲಿಗೆ ಇದ್ದರೆ ಸಾಕು. ಜಗತ್ತಿಗೆ ಸತ್ಯಜಿತ್ ರಾಯ್ ಆಗಿದ್ದವರು ಮನೆಯವರಿಗೂ ಆಪ್ತರಿಗೂ ‘ಮಾನಿಕ್’ ಆಗಿದ್ದರು. ಒಂದು ಹೆಸರಿನಿಂದ ಇನ್ನೊಂದಕ್ಕೆ ಕುಂದು ಬರಲಿಲ್ಲ. ನಮ್ಮಲ್ಲಿಯೂ ಶ್ರೀನಿವಾಸನು ಸೀನ, ನಾರಾಯಣನು ನಾಣಿ, ಕೃಷ್ಣಮೂರ್ತಿಯು ಕಿಟ್ಟಿ ಆಗುವುದುಂಟಷ್ಟೆ. ಬ್ರಿಟನ್ನಿನ ಮಂಡಳಿಯು ಕೊನೆಗೆ ತಿಳಿದೋ ತಿಳಿಯದೆಯೋ ಈ ದಾರಿಯನ್ನೇ ಹಿಡಿಯಿತು. ಹಡಗಿಗೆ ಒಳ್ಳೆಯ ಹೆಸರು ಬಂದಿತು. ಅದರ ಕೂಸಿನಂತಿರುವ ಯಂತ್ರಕ್ಕೆ ಕರೆಯುವ ಹೆಸರು ಸಂದಿತು. ಮತದಾನಕ್ಕೆ ಮೊದಲೇ ಇಷ್ಟನ್ನು ವಿವರಿಸಿ ಹೇಳಿದ್ದರೆ ಸಿಟ್ಟಿಗೆ ಆಸ್ಪದವೇ ಇರುತ್ತಿರಲಿಲ್ಲ.

ಜನರಿಗೆ ನಗುವುದು ಮಾತ್ರ ಗೊತ್ತು, ಗೌರವಿಸುವುದು ಗೊತ್ತಿಲ್ಲ ಎಂದು ಇನ್ನೂ ಶಂಕಿಸುವವರಿಗೆ ನಮ್ಮ ದೇಶದ ಒಂದು ನಿದರ್ಶನವನ್ನು ಕೊಡಬಯಸುತ್ತೇನೆ. ಅಂತರರಾಷ್ಟ್ರೀಯ ಖಗೋಲ ಸಂಘವು ತನ್ನ ನೂರನೆಯ ವರ್ಷವಾದ 2019ರಲ್ಲಿ ಪ್ರತಿಯೊಂದು ದೇಶಕ್ಕೂ ಒಂದು ನಕ್ಷತ್ರವನ್ನೂ ಅದರ ಸುತ್ತ ತಿರುಗುವ ಒಂದು ಗ್ರಹವನ್ನೂ ತೋರಿಸಿ, ಜನರನ್ನು ಕೇಳಿ ಹೆಸರಿಡಿರಿ ಎಂದಿತು. ಭಾರತದ ಪಾಲಿಗೆ ಬಂದುದು ಸುಮಾರು 340 ಜ್ಯೋತಿರ್ವರ್ಷಗಳ ದೂರದಲ್ಲಿರುವ, ಅದುವರೆಗೆ ಪಟ್ಟಿಯಲ್ಲಿ ಬರಿಯ ಅಂಕೆಯಾಗಿದ್ದ ಒಂದು ನಕ್ಷತ್ರ. ಭಾರತೀಯ ಖಗೋಲ ವಿಜ್ಞಾನ ಸಂಘದವರು ಮೊದಲು ವಿದ್ಯಾರ್ಥಿಗಳಿಂದಲೂ ಇತರರಿಂದಲೂ ಹೆಸರುಗಳನ್ನು ತರಿಸಿ, ಬಂದವುಗಳನ್ನು ಶೋಧಿಸಿ, ಯೋಗ್ಯವಾದ ಕೆಲವನ್ನು ಮಾತ್ರ ಸಾರ್ವಜನಿಕರ ಮತಕ್ಕೆ ಇಟ್ಟರು. ಮತದಲ್ಲಿ ಗೆದ್ದ ಹೆಸರುಗಳನ್ನು ಜಗತ್ತು ಒಪ್ಪಿಕೊಂಡಿತು. ನಕ್ಷತ್ರಕ್ಕೆ ‘ಬಿಭಾ’ ಎಂಬ ಹೆಸರು ಬಂದಿತು. ಗ್ರಹಕ್ಕೆ, ಮೋಡ ಕವಿದುದೆಂಬ ಅರ್ಥದಲ್ಲಿ, ‘ಸಂತಮಸ’ ಎಂಬ ಹೆಸರು ಬಂದಿತು. ಮೊದಲನೆಯದನ್ನು ಸೂಚಿಸಿದುದು ಸೂರತ್ತಿನ ಕಾಲೇಜು ವಿದ್ಯಾರ್ಥಿ. ಎರಡನೆಯದನ್ನು ಸೂಚಿಸಿದುದು ಪುಣೆಯ 13 ವರ್ಷದ ಬಾಲಕ. ನಿಮ್ಮ ವಯಸ್ಸಿನವನೇ ಎಂಬುದನ್ನು ಗಮನಿಸಿರಿ.

ಬಿಭಾ ಎಂದರೆ ಬೆಳಕಿನ ಕಾಂತಿ. ಅದು ಈ ಊರಿನ ಮಗಳೊಬ್ಬಳ ಹೆಸರೂ ಹೌದು. 1913ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಬಿಭಾ ಚೌಧುರಿಯವರು ಇಲ್ಲಿನ ಬೋಸ್ ಸಂಶೋಧನ ಮಂದಿರದಲ್ಲಿ ದೇವೇಂದ್ರಮೋಹನ ಬೋಸರೊಡನೆ ಕೆಲಸ ಮಾಡಿದರು. ಛಾಯಾಚಿತ್ರದ ಫಲಕಗಳನ್ನು ಡಾರ್ಜಿಲಿಂಗ್, ಸಂದಕ್‌ಫು ಮೊದಲಾದ ಎತ್ತರದ ಸ್ಥಳಗಳಲ್ಲಿ ಇಟ್ಟು, ಆಕಾಶದಿಂದ ಬರುವ ವಿಶ್ವಕಿರಣಗಳ ಜಾಡನ್ನು ಅವುಗಳಲ್ಲಿ ಹಿಡಿದರು. ಪರಮಾಣುವಿಗಿಂತಲೂ ಸೂಕ್ಷ್ಮವಾದ ಮೆಸಾನ್ ಕಣಗಳ ಗುರುತು ಅವರಿಗೆ ಕಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉತ್ತಮವಾದ ಫಲಕಗಳು ದೊರೆಯದೆ ಆ ಕೆಲಸ ಅಷ್ಟಕ್ಕೇ ನಿಂತಿತು. ಅದೇ ವಿಧಾನವನ್ನು ಇನ್ನೂ ಉತ್ತಮವಾದ ಫಲಕಗಳಿಂದ ಮುಂದುವರಿಸಿದ ಬ್ರಿಟನ್ನಿನ ಪಾವೆಲ್ ಅವರಿಗೆ 1950ರಲ್ಲಿ ನೊಬೆಲ್ ಬಹುಮಾನ ಬಂದಿತು. ಬಿಭಾ ಅವರು ಮುಂದೆ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆದ ಸಂಶೋಧನೆಯಲ್ಲಿಯೂ ಪಾಲುಗೊಂಡರು. 1991ರಲ್ಲಿ ಅವರು ತೀರಿಕೊಂಡಾಗ ಅವರ ಹೆಸರನ್ನು ಬಲ್ಲವರು ಹೆಚ್ಚು ಮಂದಿ ಇರಲಿಲ್ಲ. ಪಂಡಿತರು ಮರೆತಿದ್ದ ಹೆಸರನ್ನು ಒಬ್ಬ ವಿದ್ಯಾರ್ಥಿ ನೆನಪಿಗೆ ತಂದನು, ಜನರು ಮತ ಹಾಕಿ ಆಕಾಶಕ್ಕೆ ಏರಿಸಿದರು.

ಇದರಲ್ಲಿ ಇನ್ನೊಂದು ವಿಶೇಷವಿದೆ. ಸಂಸ್ಕೃತದ ರೂಪ ‘ವಿಭಾ’. ಬಂಗಾಳಿಗಳ ಉಚ್ಚಾರಣೆ ‘ಬಿಭಾ’. ನಕ್ಷತ್ರಕ್ಕೆ ಉಳಿದುದು ಆಕೆಯ ಮನೆಯ ಮಾತಿನ ಉಚ್ಚಾರಣೆಯೇ. ಊರು ಬಿಟ್ಟು ಬಂದ ಕನ್ನಡದ ಮಕ್ಕಳಾದ ನಿಮ್ಮಲ್ಲಿ ವಸಂತನು ಇಲ್ಲಿ ‘ಬೊಶೊಂತೊ’ ಆಗುತ್ತಾನೆ, ವಿಮಲೆಯು ‘ಬಿಮೊಲಾ’ ಆಗುತ್ತಾಳೆ. ಇದರಿಂದ ನೀವು ನೊಂದುಕೊಳ್ಳಬೇಕಾಗಿಲ್ಲ. ಪ್ರೀತಿಯಿಂದ ಕರೆದರೆ ಅದನ್ನು ನಿಮ್ಮ ಡಾಕ್ ನಾಮ್ ಎಂದು ಇಟ್ಟುಕೊಳ್ಳಿರಿ. ಆದರೆ ನಿಮ್ಮ ಒಳ್ಳೆಯ ಹೆಸರನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂಬುದನ್ನು ಗೆಳೆಯರಿಗೆ ಕಲಿಸುವುದನ್ನು ಮಾತ್ರ ಬಿಡಬೇಡಿರಿ.

ನಮ್ಮ ದೇಶದ ಸಂಶೋಧನೆಯ ಹಡಗುಗಳಿಗೆ ಇದುವರೆಗೆ ಬಂದಿರುವ ಹೆಸರುಗಳೆಲ್ಲ ಒಳ್ಳೆಯ ಹೆಸರುಗಳೇ. 1976ರಲ್ಲಿ ಸೇವೆಗೆ ಬಂದುದು ‘ಗವೇಷಣಿ’. 1983ರಲ್ಲಿ ಬಂದುದು ‘ಸಾಗರ ಕನ್ಯಾ’. ನಮ್ಮ ಗಾರ್ಡನ್ ರೀಚಿನ ಕಾರ್ಖಾನೆಯಲ್ಲಿ ಕಟ್ಟಿದ ‘ಸಾಗರಧ್ವನಿ’ ನೌಕಾದಳವನ್ನು ಸೇರಿದುದು 1994ರಲ್ಲಿ. ‘ಸಾಗರ ತಾರಾ’ ಕಟ್ಟಿದುದು ಹತ್ತಿರದ ಟೀಟಾಗಢದಲ್ಲಿ. ಬಂಗಾಳಿಯಲ್ಲಿ ಸಂಶೋಧನೆಗೆ ‘ಗವೇಷಣಾ’ ಎಂದೇ ಹೇಳುತ್ತಾರಷ್ಟೆ. ಆ ಘನವಾದ ಪದದ ಮೂಲಾರ್ಥ ಕಳೆದುಹೋದ ಹಸುವನ್ನು ಹುಡುಕುವುದು! ಗಾಂಭೀರ್ಯದ ಹೊದಿಕೆಯೊಳಗೂ ಹೀಗೆ ಮನೆಯ ಕೊಟ್ಟಿಗೆಯ ವಾಸನೆ ಇರುತ್ತದೆ. 2024ರ ಜುಲೈ ತಿಂಗಳಲ್ಲಿ ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರವು ಮತ್ತೊಂದು ದೊಡ್ಡ ಹಡಗನ್ನು ಕಟ್ಟಿಕೊಡಬೇಕೆಂದು ಇದೇ ಗಾರ್ಡನ್ ರೀಚಿನವರೊಡನೆ ಒಪ್ಪಂದ ಮಾಡಿಕೊಂಡಿತು. ಇಂಥ ಹಡಗುಗಳ ಹೆಸರನ್ನು ತಿಳಿದವರೇ ಇಡಲಿ; ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಅವು ಹೊತ್ತೊಯ್ಯುವ ಸಣ್ಣ ದೋಣಿಗಳಿಗೂ, ಆಳಕ್ಕೆ ಇಳಿಯುವ ಯಂತ್ರಗಳಿಗೂ ಕರೆಯುವ ಹೆಸರನ್ನು ಇಡುವ ಕೆಲಸವನ್ನು ದೇಶದ ಶಾಲೆಗಳ ಮಕ್ಕಳಿಗೆ ಬಿಡಬೇಕೆಂದು ನಾನು ಬಯಸುತ್ತೇನೆ. ಮೂವರನ್ನು 6 ಸಾವಿರ ಮೀಟರುಗಳ ಆಳಕ್ಕೆ ಇಳಿಸಲೆಂದು ರೂಪಿಸಿದ ನೌಕೆಗೆ ‘ಮತ್ಸ್ಯ 6000’ ಎಂದು ಹೆಸರಿಟ್ಟಿದ್ದಾರೆ. ಒಳ್ಳೆಯ ಹೆಸರು. ಮಕ್ಕಳು ಅದನ್ನು ‘ಮೀನಣ್ಣ’ ಎಂದು ಕರೆದರೆ ಕಡಲಿಗೇನೂ ಅಪಮಾನವಾಗದು.

ಹೀಗೆ ಕೇಳುವವರು ಮೂರು ನಿಯಮಗಳನ್ನು ಪಾಲಿಸಬೇಕು. ಕೇಳುತ್ತಿರುವುದು ಸಲಹೆಯೋ ಮತವೋ ಎಂಬುದನ್ನು ಮೊದಲೇ ತಿಳಿಯುವಂತೆ ಹೇಳತಕ್ಕದ್ದು. ಬೇಡದ ಹೆಸರುಗಳನ್ನು ಮತದಾನಕ್ಕೆ ಮುಂಚೆ ತೆಗೆಯತಕ್ಕದ್ದು, ಮತದಾನವಾದ ಮೇಲೆ ಅಲ್ಲ. ಗೆದ್ದುದು ನಗೆಯ ಹೆಸರಾದರೆ ಅದಕ್ಕೂ ಒಂದು ಸ್ಥಾನವನ್ನು ಕಾದಿರಿಸತಕ್ಕದ್ದು.

ಹೆಸರಿಡುವವರಿಗೂ ಒಂದು ಮಾತು. ದೊಡ್ಡಸ್ತಿಕೆಯನ್ನು ಕಂಡು ನಗುವ ಹೆಸರು ಬೇರೆ. ಒಬ್ಬರ ಜಾತಿಯನ್ನು, ಅಂಗವೈಕಲ್ಯವನ್ನು, ಬಡತನವನ್ನು, ಮೈಬಣ್ಣವನ್ನು ಚುಚ್ಚುವ ಹೆಸರು ಬೇರೆ. ದೋಣಪ್ಪನ ಹೆಸರು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಆದುದರಿಂದಲೇ ಲಕ್ಷಾಂತರ ಜನರು ಒಟ್ಟಿಗೆ ನಗುವುದು ಸಾಧ್ಯವಾಯಿತು. ತರಗತಿಯಲ್ಲಿ ಒಬ್ಬನಿಗೆ ಅಡ್ಡಹೆಸರಿಡುವಾಗ, ಆ ಹೆಸರನ್ನು ಕೇಳಿ ಅವನೂ ನಗುತ್ತಾನೆಯೇ ಎಂದು ಒಮ್ಮೆ ನೋಡಿಕೊಳ್ಳಿರಿ. ಅವನು ನಗದಿದ್ದರೆ ಆ ಹೆಸರನ್ನು ಅಲ್ಲಿಗೇ ಬಿಟ್ಟುಬಿಡಿರಿ.

ಶಾಲೆಯಲ್ಲಿ ಕೈಬರಹದ ಪತ್ರಿಕೆಗೋ ಆಟದ ತಂಡಕ್ಕೋ ಹೆಸರು ಬೇಕಾದಾಗ ಉಪಾಧ್ಯಾಯರಾದ ನಾವು ನಿಮ್ಮನ್ನು ಕೇಳುವುದುಂಟು. ಮೇಲೆ ಹೇಳಿದ ಮೂರು ನಿಯಮಗಳು ನಮಗೂ ಅನ್ವಯಿಸುತ್ತವೆ. ನಾವು ಕೇಳಿಯೂ ಕೇಳದಂತೆ ನಡೆದುಕೊಂಡರೆ, ಈ ಸಂಚಿಕೆಯನ್ನು ತೆರೆದು ನಮಗೆ ತೋರಿಸಿರಿ.